ಕೆಳಗದ್ದೆಗೆ ಟ್ರ್ಯಾಕ್ಟರ್ ಇಳಿದ ವರ್ಷ

ಮೊನ್ನೆ ಭದ್ರಾವತಿಗೆ ಹೋಗುವ ಬಸ್ಸು ಮಲವಗೊಪ್ಪದಲ್ಲಿ ನಿಂತಾಗ ಕಿಟಕಿಯಿಂದ ಒಂದು ವಾಸನೆ ಒಳಗೆ ನುಗ್ಗಿತು. ಆಗಷ್ಟೇ ಕಲಕಿದ ಗದ್ದೆಯ ಕೆಸರು, ಅದರ ಜೊತೆಗೆ ಡೀಸೆಲ್ ಹೊಗೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದು, "ಆ ಗ್ಲಾಸ್ ಎಳೀರಿ, ಒಂಥರಾ ವಾಸ್ನೆ" ಎಂದರು. ನಾನು ಎಳೆಯಲಿಲ್ಲ. ಜಾಮ್ ಆಗಿದೆ ಎಂದು ಸುಳ್ಳು ಹೇಳಿ ಇನ್ನಷ್ಟು ಹೊರಗೆ ಬಾಗಿದೆ. ಅದು ನಮ್ಮ ಗಿರಿಜಕ್ಕ ಟ್ರ್ಯಾಕ್ಟರ್ ತಂದ ವರ್ಷದ ವಾಸನೆ. ಬಸ್ಸು ಹೊರಟು ಬಹಳ ಹೊತ್ತಿನವರೆಗೂ ನಾನು ನಗುತ್ತಲೇ ಇದ್ದೆನೇನೋ, ಆ ಹೆಂಗಸು ಎದ್ದು ಬೇರೆ ಸೀಟಿಗೆ ಹೋದರು.

ಗಿರಿಜಕ್ಕ ನನ್ನ ಓರಗಿತ್ತಿ, ನಮ್ಮ ಮನೆಯವರ ಅಣ್ಣನ ಹೆಂಡತಿ. ನಾವು ಇರುವುದು ಶಿವಮೊಗ್ಗದ ವಿನೋಬನಗರದಲ್ಲಿ. ನಮ್ಮ ಮನೆಯವರು ಹಾಲೇಶ, ಪೈಪು ನಲ್ಲಿಗಳ ಅಂಗಡಿ ಇಟ್ಟವರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಭಾವ, ಗಿರಿಜಕ್ಕ ಮತ್ತು ಅತ್ತೆ ಮಲವಗೊಪ್ಪದಾಚೆ, ಭದ್ರಾ ನಾಲೆಯ ಪಕ್ಕದ ಮನೆಯಲ್ಲಿದ್ದರು. ಜನರೆಲ್ಲ ಮಾಸ್ಕ್ ಕಟ್ಟಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಭಾವ ತೀರಿಕೊಂಡರು. ಆಮೇಲೆ ಅತ್ತೆ, ಸೊಸೆ ಇಬ್ಬರೇ ಆ ಮನೆಯನ್ನೂ ಗದ್ದೆಯನ್ನೂ ನೋಡಿಕೊಳ್ಳಬೇಕಾಯಿತು. ಮೇಲಿನ ಗದ್ದೆಯದೇನೂ ತಕರಾರಿರಲಿಲ್ಲ. ತೊಂದರೆ ಕೊಟ್ಟಿದ್ದು ಕೆಳಗದ್ದೆ.

ಕೆಳಗದ್ದೆ ನಾಲೆಯ ಬುಡಕ್ಕೇ ಇದೆ. ವರ್ಷವಿಡೀ ನೀರು ಬಸಿದು ಜೌಗಾಗಿಯೇ ಇರುತ್ತದೆ. ಬೆಳೆದರೆ ಚಿನ್ನದಂಥ ಭತ್ತ, ಆದರೆ ಇಳಿದವರು ಹತ್ತಿ ಬರಬೇಕಲ್ಲ! ಒಂದು ಸಲ ಬಾಡಿಗೆಗೆ ಬಂದ ಟ್ರ್ಯಾಕ್ಟರ್ ಅಲ್ಲಿ ಹೂತಿತು. ಅದನ್ನು ಎಳೆಯಲು ಬಂದ ಇನ್ನೊಂದೂ ಹೂತಿತು. ಎರಡನ್ನೂ ಎತ್ತಲು ಕರೆಸಿದ ಜೆಸಿಬಿಯವನು ಬದುವಿನ ಮೇಲೆ ನಿಂತು ಬಹಳ ಹೊತ್ತು ತಲೆ ಕೆರೆದುಕೊಂಡನಂತೆ. ಅಂದಿನಿಂದ ಸುತ್ತಮುತ್ತಲಿನ ಡ್ರೈವರುಗಳೆಲ್ಲ, "ಆ ಗದ್ದೆಗಾ? ಬೇರೆ ಯಾರನ್ನಾದ್ರೂ ಕೇಳ್ರಮ್ಮ" ಎಂದು ಫೋನ್ ಇಡುತ್ತಿದ್ದರು. ಭಾವ ಇದ್ದಾಗ ಹೇಗೋ ಕಾಡಿ ಬೇಡಿ ಮಾಡಿಸುತ್ತಿದ್ದರು. ಅವರು ಹೋದ ಮೇಲಿನ ಬೆಳೆಗೆ ಯಾರೂ ಬರಲಿಲ್ಲ, ಸಸಿಯೆಲ್ಲ ಮಡಿಯಲ್ಲೇ ಬಲಿತು ದನಕ್ಕೆ ಹಾಕಬೇಕಾಯಿತು.

ಗದ್ದೆ ಬೀಳು ಬಿದ್ದದ್ದೇ ತಡ, ಇಟ್ಟಿಗೆ ಭಟ್ಟಿಯ ಈರಣ್ಣ ಬಂದರು. ಜೌಗು ಮಣ್ಣು ಇಟ್ಟಿಗೆಗೆ ಬಲು ಚೆನ್ನಂತೆ. ಆಳುದ್ದ ತೆಗೆದುಕೊಂಡು ಹೋಗುತ್ತೇನೆ, ಮನೆ ಬಾಗಿಲಿಗೆ ಬಂದು ವ್ಯವಹಾರ ಮುಗಿಸುತ್ತೇನೆ ಎಂದರು. ನಮ್ಮ ಮನೆಯವರಿಗೆ ಅದು ಸರಿ ಎನ್ನಿಸಿತು. ಅವರು ಕೆಟ್ಟವರಲ್ಲ, ಅಂಗಡಿಯಲ್ಲಿ ಕುಳಿತವರಿಗೆ ಖಾಲಿ ಬಿದ್ದದ್ದು ಕಣ್ಣಿಗೆ ಚುಚ್ಚುತ್ತದೆ ಅಷ್ಟೆ. ಸಂಕ್ರಾಂತಿಯ ಎಳ್ಳು ಬೀರಲು ಬಂದಿದ್ದ ಗಿರಿಜಕ್ಕನನ್ನು ಹಾಲ್‌ನಲ್ಲಿ ಕೂರಿಸಿ ವಿಷಯ ತೆಗೆದರು.

"ಮಣ್ಣು ತೆಗೆದ್ಮೇಲೆ ಗದ್ದೆ ಅಂತ ಏನುಳಿಯುತ್ತಪ್ಪ ಹಾಲೇಶ? ಗುಂಡಿ," ಎಂದಳು ಅಕ್ಕ. "ಈ ಬೇಸಿಗೆ ಬೆಳೆ ಒಂದು ನೋಡು. ನಾಲೆಗೆ ನೀರು ಬಿಡ್ತಾ ಇದಾರೆ, ಸಸಿ ಹಾಕಿದೀನಿ. ಅದು ಬಲಿಯೋದ್ರೊಳಗೆ ಕೆಳಗದ್ದೆ ಕೆಸರು ಮಾಡಿ ನಾಟಿ ಮುಗಿಸಿದ್ರೆ ಮತ್ತೆ ಭಟ್ಟಿ ಮಾತು ಎತ್ಬಾರ್ದು. ಆಗ್ಲಿಲ್ಲ ಅಂದ್ರೆ ನೀನು ಹೇಳ್ದಲ್ಲಿ ಸೈನ್ ಹಾಕ್ತೀನಿ."

"ಅಲ್ಲಿಗೆ ಯಾರ ಟ್ರ್ಯಾಕ್ಟರ್ ಬರುತ್ತೆ ಅತ್ತಿಗೆ?"

"ನಂದೇ ಬರುತ್ತೆ."

ನಮ್ಮ ಮನೆಯವರು ಕಾಫಿ ಲೋಟ ಕೆಳಗಿಟ್ಟರು. ಅಕ್ಕ ತವರಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದಳು ಎಂಬುದು ನಮಗೆ ಗೊತ್ತಾದದ್ದೇ ಆವತ್ತು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಬೇಕಾಗಿದ್ದದ್ದು ಫೋರ್ ವೀಲ್ ಡ್ರೈವ್ ಗಾಡಿ, ಅಂದರೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುವಂಥದ್ದು. ಹೊಸದು ನಮ್ಮ ಕೈಗೆ ಎಟುಕುವುದಲ್ಲ, ಹಳೆಯದೇ ಆಗಬೇಕು. ಹುಡುಕಲು ಹೊರಟವರು ನಾವಿಬ್ಬರು: ನಾನು ಸ್ಕೂಟಿ ಓಡಿಸುವುದು, ಅವಳು ಹಿಂದೆ ಕುಳಿತು ಸೈಡ್ ಹೇಳುವುದು.

ಶಿವಮೊಗ್ಗದಲ್ಲಿ ಹಳೆ ಟ್ರ್ಯಾಕ್ಟರ್ ಮಾರುವವರು ಒಬ್ಬಿಬ್ಬರಲ್ಲ. ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ: "ಯಜಮಾನ್ರು ಬರ್ಲಿಲ್ವಾ?" ನಾನು ಮೊದಮೊದಲು ವಿವರಣೆ ಕೊಡುತ್ತಿದ್ದೆ. ಆಮೇಲೆ ಅಕ್ಕ, "ನಾನೇ ಯಜಮಾನ್ರು, ಬಾನೆಟ್ ಎತ್ತಿ" ಎನ್ನತೊಡಗಿದಳು. ಒಂದು ಕಡೆ ಹಿಂದಿನ ದಿನವೇ ಫೋನ್ ಮಾಡಿ, ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದಿದ್ದಳು. ಬೆಳಿಗ್ಗೆ ಹೋದರೆ ಮಿರಮಿರ ಮಿಂಚುವ ಬಣ್ಣದ ಗಾಡಿ. ಅಕ್ಕ ಹತ್ತಿರ ಹೋಗಿ ಎಂಜಿನ್ ಮೇಲೆ ಅಂಗೈ ಇಟ್ಟು, "ಇದಕ್ಕೆ ಆಗ್ಲೇ ಕಾಫಿ ಆಗಿದೆ" ಎಂದಳು. ಅಷ್ಟು ಚಳಿಯಲ್ಲೂ ಅದು ಬೆಚ್ಚಗಿತ್ತು. ತಣ್ಣಗಿರುವಾಗ ಸ್ಟಾರ್ಟ್ ಆಗದ ಗಾಡಿಯನ್ನು ಅವರು ಬೆಳಗಾಗುವ ಮೊದಲೇ ಎಬ್ಬಿಸಿ ಇಟ್ಟಿದ್ದರು. ಮಾರುವವ ಹಲ್ಲು ಬಿಟ್ಟ, ನಾವು ಸ್ಕೂಟಿ ತಿರುಗಿಸಿದೆವು.

ನವುಲೆಯ ಹತ್ತಿರ ಒಬ್ಬರ ಮನೆಯಲ್ಲಿ ನೋಡಿದ ಗಾಡಿಯ ಎಂಜಿನ್ ಚೆನ್ನಾಗಿತ್ತು, ನನಗೆ ಬಣ್ಣವೂ ಹಿಡಿಸಿತ್ತು. ಅಕ್ಕ ಮುಂದಿನ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಸ್ಪ್ಯಾನರ್ ಕೇಳಿ ಇಸಿದುಕೊಂಡು, ಅಲ್ಲಿನ ಎಣ್ಣೆಯ ತಿರುಪು ಬಿಚ್ಚಿದಳು. ಬಂದ ಎಣ್ಣೆ ಚಹಾ ಬಣ್ಣಕ್ಕಿತ್ತು, ಅದೂ ಹಾಲು ಹೆಚ್ಚಾದ ಚಹಾ. ಕೆಸರಿನಲ್ಲಿ ಓಡಿಸಿ ಓಡಿಸಿ ಸೀಲು ಸವೆದು ಒಳಗೆ ನೀರು ಸೇರಿದೆ, ಇದನ್ನು ಕೊಂಡರೆ ಗದ್ದೆಗಿಂತ ಗ್ಯಾರೇಜಿನಲ್ಲೇ ಹೆಚ್ಚು ಇರುತ್ತದೆ ಎಂದಳು. ಹೀಗೆ ಒಂದಕ್ಕೆ ಎಂಜಿನ್ ಸರಿಯಿಲ್ಲ, ಒಂದಕ್ಕೆ ಎಣ್ಣೆ ಸರಿಯಿಲ್ಲ. ಅತ್ತ ಮಡಿಯಲ್ಲಿ ಸಸಿ ದಿನದಿನಕ್ಕೂ ಎದ್ದು ಬರುತ್ತಿತ್ತು. ಹೆಣ್ಣು ನೋಡಲು ಹೋದವರು ಕೂಡ ಇಷ್ಟು ಕಡೆ ಉಪ್ಪಿಟ್ಟು ತಿಂದಿರಲಾರರು.

ಕೊನೆಗೆ ಸಿಕ್ಕಿದ್ದು ಭದ್ರಾವತಿಯ ಸೆಲ್ವಣ್ಣನವರ ಗಾಡಿ. ಅವರು ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಬೇಸಾಯಕ್ಕೆಂದು ಕೊಂಡಿದ್ದರು. ಈಗ ಮಂಡಿ ಕೇಳುತ್ತಿಲ್ಲ, ಸೀಟು ಹತ್ತಲಾಗದು. ನೀಲಿ ಬಣ್ಣ ಮಾಸಿತ್ತು, ಮಡ್‌ಗಾರ್ಡಿಗೆ ತೇಪೆ ಹಾಕಿತ್ತು, ಮುಂದಿನ ಟೈರು ಸವೆದಿತ್ತು. ಆದರೆ ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು, ಎಣ್ಣೆಯೂ ಜೇನಿನ ಹಾಗಿತ್ತು. "ವಾಂಗಮ್ಮ, ಬನ್ನಿ, ಇದನ್ನ ನೋಡಿ, ಹಿಂದಿನ ಎರಡೂ ಟೈರ್ ಹೊಸದು, ನಾನೇ ಹಾಕಿಸ್ದೆ," ಎಂದು ಸೆಲ್ವಣ್ಣ ಟೈರಿಗೆ ಎರಡು ಏಟು ಹಾಕಿ ತೋರಿಸಿದರು. ಸೀಟಿನ ಪಕ್ಕದ ಸಣ್ಣ ಲಿವರ್ ಕೆಳಕ್ಕೆ ತಳ್ಳಿದರೆ ನಾಲ್ಕೂ ಚಕ್ರ ಎಳೆಯುತ್ತವೆ, ಟಾರ್ ರಸ್ತೆಯಲ್ಲಿ ಮಾತ್ರ ಅದು ಮೇಲಿರಬೇಕು ಎಂದು ಹೇಳಿ, ಅಂಗಳದಲ್ಲಿ ಸುರಿದಿದ್ದ ಮಣ್ಣಿನ ಗುಡ್ಡೆಯನ್ನು ಅಕ್ಕನ ಕೈಲೇ ಹತ್ತಿಸಿದರು. ಗಾಡಿ ಮೇಲೇರಿದಾಗ ಅಕ್ಕನ ಮುಖ ನೋಡಬೇಕಿತ್ತು. ರೇಟಿನ ಮಾತಿಗೆ ನಮ್ಮ ಮನೆಯವರನ್ನು ಕರೆಸಿದೆವು, ಅಷ್ಟಾದರೂ ಅವರಿಗೆ ಇರಲಿ ಎಂದು.

ಗಾಡಿ ತರುವ ದಿನ ಅತ್ತೆಯೂ ಬಂದರು. ಸೆಲ್ವಣ್ಣ ಇನ್ನೊಂದು ಸಲ ಗುಡ್ಡೆ ಹತ್ತಿಸಿ ಇಳಿಸಿ, ಅತ್ತೆಗೂ ಅದರ ಶಕ್ತಿ ತೋರಿಸಿದರು. ಅತ್ತೆ ಮೊದಲು ಗಾಡಿಯ ಮುಖ ರಸ್ತೆಯ ಕಡೆ ತಿರುಗಿಸಿ ನಿಲ್ಲಿಸಲು ಹೇಳಿದರು. ಬಾನೆಟ್ಟಿಗೆ ವಿಭೂತಿ ಎಳೆದು, ಹೂವು ಏರಿಸಿ, ನಾಲ್ಕು ಚಕ್ರದಡಿಗೂ ನಿಂಬೆಹಣ್ಣು ಇಟ್ಟರು. ಆಮೇಲೆ ನಮ್ಮ ಮನೆತನದ ಕಟ್ಟಳೆ ಹೇಳಿದರು: "ಪೂಜೆ ಆದ ಗಾಡಿ ಮನೆ ಮುಟ್ಟೋ ತನಕ ಹಿಂದಕ್ಕೆ ಹೋಗ್ಬಾರ್ದು. ಒಂದು ಮೊಳಾನೂ ಹೋಗ್ಬಾರ್ದು, ಗಿರಿಜಾ." ಭಾವ ಬೈಕು ತಂದಾಗಲೂ ಹೀಗೇ, ನಮ್ಮ ಮನೆಯವರು ಗೂಡ್ಸ್ ಆಟೋ ಕೊಂಡಾಗಲೂ ಹೀಗೇ. ಅಕ್ಕ ಹೂಂ ಎಂದಳು. ನಿಂಬೆಹಣ್ಣು ಪಚಕ್ ಎಂದವು, ಗಾಡಿ ಹೊರಟಿತು. ಅತ್ತೆ ಮಡ್‌ಗಾರ್ಡಿನ ಮೇಲೆ ಪೂಜೆಯ ತಟ್ಟೆ ಹಿಡಿದು ಕುಳಿತರು, ನಾನು ಸ್ಕೂಟಿಯಲ್ಲಿ ಹಿಂದೆ ಹೊರಟೆ. ಆ ಸಂಭ್ರಮದಲ್ಲಿ ಸಣ್ಣ ಲಿವರ್ ಕೆಳಗೇ ಇದೆ ಎಂಬುದನ್ನು ಸೆಲ್ವಣ್ಣನವರೂ ನೋಡಲಿಲ್ಲ, ನಾವೂ ನೋಡಲಿಲ್ಲ.

ಹೆದ್ದಾರಿ ಬೇಡವೆಂದು ನಾಲೆ ಪಕ್ಕದ ಟಾರ್ ರಸ್ತೆ ಹಿಡಿದೆವು. ಮಂಜು ಹರಿದು ಬಿಸಿಲು ಬಿದ್ದಿತ್ತು, ನಾಲೆಯಲ್ಲಿ ನೀರು ತುಂಬಿ ಹೋಗುತ್ತಿತ್ತು. ಸ್ವಲ್ಪ ದೂರ ಎಲ್ಲ ಸುಖವಾಗಿತ್ತು. ಆಮೇಲೆ ಗಾಡಿ ಸಮತಟ್ಟು ರಸ್ತೆಯಲ್ಲೇ ಏರು ಹತ್ತುವ ಹಾಗೆ ಮುಕ್ಕರಿಯತೊಡಗಿತು. ತಿರುವುಗಳಲ್ಲಿ ಮುಂದಿನ ಟೈರು ಕೀರಲು ಸದ್ದು ಮಾಡಿತು, ರಬ್ಬರು ಸುಟ್ಟ ವಾಸನೆ ನನ್ನ ಮೂಗಿಗೂ ಬಂತು. ಒಂದು ಇಕ್ಕಟ್ಟು ಸೇತುವೆಯ ಬಾಯಿಯಲ್ಲಿ ಅಕ್ಕ ಗಾಡಿ ನಿಲ್ಲಿಸಿದಳು. ಆಗ ಲಿವರ್ ಕಣ್ಣಿಗೆ ಬಿತ್ತು. ಎತ್ತಿದಳು, ಬರಲಿಲ್ಲ. ಎರಡೂ ಕೈ ಹಾಕಿದಳು, ಕಾಲಿನಿಂದ ಒದ್ದಳು. ಅದು ಬೆಸುಗೆ ಹಾಕಿದ ಹಾಗೆ ಕೂತಿತ್ತು.

ರಸ್ತೆ ಬದಿಯ ಗ್ಯಾರೇಜಿನ ಮೆಕ್ಯಾನಿಕ್ಕು ಬಂದು, ಗಾಡಿಯ ಕೆಳಗೆ ಮಲಗಿ ನೋಡಿ, ಎದ್ದು, ಕೈ ಒರೆಸಿಕೊಂಡ. "ಒಳಗೆ ಗೇರ್ ಕಚ್ಕೊಂಡಿದೆ. ಪೂರ್ತಿ ಬಿಚ್ಬೇಕು. ಇಷ್ಟು ಹಳೇ ಗಾಡಿಗೆ ಸಾಮಾನು ಇಲ್ಲಿ ಸಿಗಲ್ಲ, ತರಿಸ್ಬೇಕು. ಮೂರು ವಾರ ಬಿಡಿ."

ಮೂರು ವಾರ ಎಂದರೆ ಸಸಿ ಹೋಯಿತು, ಸಸಿ ಹೋದರೆ ಗದ್ದೆ ಹೋಯಿತು. ಅಷ್ಟರಲ್ಲಿ ನಮ್ಮ ಮನೆಯವರ ಫೋನು ಬಂತು. ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಿಟ್ಟುಸಿರು ಬಿಟ್ಟು, "ಈರಣ್ಣಂಗೆ ಒಂದು ಮಾತು ಹೇಳ್ಬಿಡ್ಲಾ?" ಎಂದರು. ಸ್ಪೀಕರ್ ಹಾಕಿದ್ದರಿಂದ ಅಕ್ಕನಿಗೂ ಕೇಳಿತು. ಅವಳು ಸ್ಟಿಯರಿಂಗ್ ಮೇಲೆ ಹಣೆ ಇಟ್ಟಳು. ಹುಡುಕಲು ಜೊತೆಗೆ ತಿರುಗಿದವಳು ನಾನು, ಇದೇ ಆಗಲಿ ಎಂದು ಒತ್ತಿ ಹೇಳಿದವಳೂ ನಾನು.

ಅದೇ ಹೊತ್ತಿಗೆ ಸೇತುವೆಯ ಆ ತುದಿಯಿಂದ ಕಬ್ಬಿನ ಲಾರಿಯೊಂದು ಬಂದು ನಮ್ಮೆದುರು ಮುಖಕ್ಕೆ ಮುಖ ಕೊಟ್ಟು ನಿಂತಿತು. ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಇನ್ನೇನೇನೋ. ಲಾರಿ ಡ್ರೈವರ್ ತಲೆ ಹೊರಗೆ ಹಾಕಿ ಕೂಗಿದ: "ಸ್ವಲ್ಪ ಹಿಂದಕ್ಕೆ ತಗೊಳ್ಳಿ ಅಕ್ಕೋರೆ!"

"ಆಗಲ್ಲ!" ಎಂದದ್ದು ಅಕ್ಕನಲ್ಲ, ಮಡ್‌ಗಾರ್ಡಿನ ಮೇಲಿದ್ದ ಅತ್ತೆ. "ಪೂಜೆ ಆದ ಗಾಡಿ ಇದು. ನೀನೇ ಹಿಂದಕ್ಕೆ ಹೋಗು."

"ನನ್ ಹಿಂದೆ ಬಸ್ಸಿದೆ ಅಜ್ಜಿ!"

"ಬಸ್ಸಿಗೆ ಹೇಳು."

ಹಾರ್ನುಗಳು ಶುರುವಾದವು. ಬಸ್ಸಿನ ಕಂಡಕ್ಟರ್ ಇಳಿದು ಬಂದ, ಮೆಕ್ಯಾನಿಕ್ಕು ಕೈಮುಗಿದ, ನಾನು ಇಂಗ್ಲಿಷಿನಲ್ಲಿ ಯಾರಿಗೋ ಸಾರಿ ಕೇಳಿದೆ. ಅತ್ತೆ ಜಗ್ಗಲಿಲ್ಲ. ಕಂಡಕ್ಟರ್ ಲಾಯರಿನ ಹಾಗೆ ವಾದ ಮಾಡಿದ, ಅತ್ತೆ ಜಡ್ಜಿನ ಹಾಗೆ ಸುಮ್ಮನೆ ಕೇಳಿ ತಲೆ ಅಲ್ಲಾಡಿಸಿದರು. ಆಮೇಲೆ ಅವರ ಕಣ್ಣು ಅಕ್ಕನ ಮೇಲೆ ಬಿತ್ತು. ಅಕ್ಕ ಈ ಗಲಾಟೆಯಲ್ಲೂ ತಲೆ ಎತ್ತಿರಲಿಲ್ಲ. ಅತ್ತೆ ಒಂದು ಕ್ಷಣ ಅವಳನ್ನೇ ನೋಡಿದರು. ಪೂಜೆಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಮೆಲ್ಲಗೆ ಕೆಳಗಿಳಿದು, ಅಕ್ಕನ ಬೆನ್ನು ತಟ್ಟಿದರು.

"ಏಳು. ಹಿಂದಕ್ಕೆ ತಗೋ. ದೋಷ ಏನಾದ್ರೂ ಇದ್ರೆ ನನಗಿರ್ಲಿ. ಗಾಡಿಗೂ ಬೇಡ, ನಿನಗೂ ಬೇಡ."

ಹಾಗೆಂದು ನಾಲೆಯ ಕಡೆ ಮುಖ ತಿರುಗಿಸಿ, ಕಣ್ಣು ಮುಚ್ಚಿ, ಶಿವ ಶಿವ ಎನ್ನುತ್ತ ನಿಂತರು. ಅತ್ತೆಯ ಮೇಲೆ ನನಗೆ ಆ ಕ್ಷಣ ಬಂದಷ್ಟು ಪ್ರೀತಿ ಅದಕ್ಕೆ ಮೊದಲು ಯಾವತ್ತೂ ಬಂದಿರಲಿಲ್ಲ, ಅದನ್ನು ಈಗಲೂ ಅವರೆದುರು ಹೇಳಿಲ್ಲ.

ಅಕ್ಕ ಮೂಗೊರೆಸಿಕೊಂಡು ರಿವರ್ಸ್ ಹಾಕಿದಳು. ಗಾಡಿ ಗುರುಗುಟ್ಟುತ್ತ ಹಿಂದೆ ಸರಿಯಿತು. ನಾಲ್ಕಾರು ಮಾರು ಹೋಗಿರಬಹುದು, ಅಡಿಯಿಂದ ಟಣ್ ಎಂದು ದೊಡ್ಡ ಸದ್ದಾಯಿತು. ಇರುವ ಗೇರೂ ಹೋಯಿತು ಎಂದುಕೊಂಡೆ. ಮೆಕ್ಯಾನಿಕ್ಕು ಹಾರಿ ಪಕ್ಕಕ್ಕೆ ನಿಂತ. ಅಕ್ಕ ಬ್ರೇಕ್ ಒತ್ತಿ, ಭಯದಿಂದಲೋ ಏನೋ, ಲಿವರಿಗೆ ಕೈ ಹಾಕಿದಳು. ಅದು ಒಂದೇ ಬೆರಳಿಗೆ ಮೇಲೆದ್ದು ಬಂತು.

ಕಚ್ಚಿಕೊಂಡದ್ದೂ ಇಲ್ಲ, ಮುರಿದದ್ದೂ ಇಲ್ಲ. ಹಿಂದಿನ ಟೈರು ಹೊಸದು, ಮುಂದಿನದು ಸವೆದದ್ದು. ಸವೆದ ಚಕ್ರ ಕೊಂಚ ಚಿಕ್ಕದಾಗಿ ಹೆಚ್ಚು ಸುತ್ತಬೇಕು, ಎರಡರ ಲೆಕ್ಕ ಒಂದಕ್ಕೊಂದು ಕೂಡದು. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಟಾರಿನ ಮೇಲೆ ಜಾರುವಂತಿಲ್ಲ, ಬಿಗಿತವೆಲ್ಲ ಒಳಗೇ ಸೇರುತ್ತ ಹೋಗಿ ಲಿವರನ್ನು ಹಿಡಿದುಕೊಂಡಿತ್ತು. ಹಿಂದಕ್ಕೆ ಸರಿದದ್ದೇ ಬಿಗಿ ಬಿಟ್ಟಿತು. ಇದನ್ನೆಲ್ಲ ನಾವು ಆಮೇಲೆ ಕೂತು ಲೆಕ್ಕ ಹಾಕಿ ತಿಳಿದುಕೊಂಡದ್ದು. ಆ ಹೊತ್ತಿನಲ್ಲಿ ಅಕ್ಕ ಲಿವರನ್ನು ಮೇಲೆ ಕೆಳಗೆ ಆಡಿಸುತ್ತ ಹುಚ್ಚಿಯ ಹಾಗೆ ನಗುತ್ತಿದ್ದಳು, ಲಾರಿ ಡ್ರೈವರ್ ನಮ್ಮನ್ನು ದಾಟುವಾಗ ಒಂದು ಕಬ್ಬು ಎಳೆದು ಅತ್ತೆಯ ಕೈಗೆ ಕೊಟ್ಟು ಹೋದ.

"ಕಣ್ಣು ಬಿಡ್ಲೇನೇ?" ಎಂದರು ಅತ್ತೆ, ಕಬ್ಬು ಹಿಡಿದುಕೊಂಡು.

"ಬಿಡಿ ಅತ್ತೆ, ಎಲ್ಲ ಸರಿಹೋಯ್ತು," ಎಂದೆ. ಅವರು ನಂಬಲಿಲ್ಲ, ಮನೆ ಮುಟ್ಟುವ ತನಕ ಜಪ ನಡೆದೇ ಇತ್ತು.

ಆಮೇಲಿನ ದಿನಗಳು ನನಗೆ ಒಟ್ಟೊಟ್ಟಿಗೆ ನೆನಪಾಗುತ್ತವೆ. ಬೆಳಿಗ್ಗೆ ಸ್ಕೂಲಿಗೆ ಮುಂಚೆ ಒಂದು ಸಲ, ಸಂಜೆ ಬಿಟ್ಟ ಮೇಲೆ ಒಂದು ಸಲ ಗದ್ದೆಗೆ ಓಡುತ್ತಿದ್ದೆ. ಕೈ ಕೊರೆಯುವ ಚಳಿ, ಹುಲ್ಲಿನ ತುಂಬ ಇಬ್ಬನಿ, ಹತ್ತು ಗಂಟೆಗೆಲ್ಲ ನೆತ್ತಿ ಸುಡುವ ಬಿಸಿಲು. ಗಾಡಿ ಹಗುರಾಗಲೆಂದು ಅಕ್ಕ ಅದರ ಮುಂದೆ ನೇತುಹಾಕಿದ್ದ ಕಬ್ಬಿಣದ ತೂಕಗಳನ್ನು ಬಿಚ್ಚಿಸಿದಳು, ಹಿಂದಿನ ಟೈರುಗಳ ಪಕ್ಕಕ್ಕೆ ಕೆಸರಿಗೆಂದೇ ಮಾಡಿದ ಕಬ್ಬಿಣದ ಪಂಜರದ ಚಕ್ರ ಕಟ್ಟಿಸಿದಳು. ಮೊದಲು ಮೇಲಿನ ಗದ್ದೆಯಲ್ಲಿ ಕೈ ಪಳಗಿಸಿಕೊಂಡಳು. ಬೆಳ್ಳಕ್ಕಿಗಳಿಗೆ ಅವಳ ಗುರುತಾಯಿತು, ಗಾಡಿಯ ಸದ್ದು ಕೇಳಿದರೆ ಸಾಕು, ಹಿಂಡು ಹಿಂಡು ಬಂದು ಹಿಂದೆ ಬೀಳುತ್ತಿದ್ದವು.

ಕೆಳಗದ್ದೆಗೆ ಇಳಿದ ದಿನ ನಮ್ಮ ಮನೆಯವರು ಅಂಗಡಿ ಮುಚ್ಚಿ ಬಂದಿದ್ದರು. ಪ್ಯಾಂಟು ಮಡಚಿಕೊಂಡು, ಉದ್ದನೆಯ ಹಗ್ಗ ಹೆಗಲಿಗೆ ಹಾಕಿಕೊಂಡು ಬದುವಿನ ಮೇಲೆ ನಿಂತರು. ಎರಡು ಟ್ರ್ಯಾಕ್ಟರ್ ಹೂತಿದ್ದ ಮೂಲೆಗೆ ಅಕ್ಕ ಬಂದಾಗ ಹಿಂದಿನ ಚಕ್ರ ಇಳಿಯತೊಡಗಿತು. ಇನ್ನೂ ಇಳಿಯಿತು. "ಅತ್ತಿಗೆ!" ಎಂದರು ಇವರು. ಅಕ್ಕ ಇವರ ಕಡೆ ನೋಡಲೂ ಇಲ್ಲ, ವೇಗ ಕೂಡಿಸಲೂ ಇಲ್ಲ, ಲಿವರನ್ನು ಕೆಳಕ್ಕೆ ತಳ್ಳಿದಳು. ಮುಂದಿನ ಚಕ್ರಗಳು ಕೆಸರನ್ನು ಕಚ್ಚಿ, ಹಠ ಮಾಡುವ ಕರುವನ್ನು ಹಗ್ಗ ಹಿಡಿದು ಎಳೆದಂತೆ, ಇಡೀ ಗಾಡಿಯನ್ನು ಮೆಲ್ಲಗೆ ಆಚೆಗೆ ಎಳೆದುಕೊಂಡು ಹೋದವು. ನಮ್ಮ ಮನೆಯವರು ಹಗ್ಗ ಕೆಳಗೆ ಹಾಕಿದರು. "ಗಟ್ಟಿಗಿತ್ತಿ ಮಾರಾಯ್ತಿ" ಎಂದರು, ನನಗೋ ಬೆಳ್ಳಕ್ಕಿಗೋ ತಿಳಿಯಲಿಲ್ಲ.

ಕೆಸರು ಹೊಡೆಯುವ ಕೊನೆಯ ದಿನ ಈರಣ್ಣ ಬಿಳಿ ಪಂಚೆ ಉಟ್ಟು ಬೈಕಿನಲ್ಲಿ ಬಂದರು. ನಾಟಿಯ ಹೆಂಗಸರು ಆಗಲೇ ಮಡಿಯಿಂದ ಸಸಿ ಕಿತ್ತು ಕಟ್ಟು ಕಟ್ಟುತ್ತಿದ್ದರು. ಈರಣ್ಣ ನಮ್ಮ ಮನೆಯವರ ಹತ್ತಿರ ಮಾತು ತೆಗೆದಾಗ ಇವರು ಕೈ ಆಡಿಸಿಬಿಟ್ಟರು: "ನನ್ನನ್ನ ಕೇಳ್ಬೇಡಿ. ಗಾಡಿ ಮೇಲಿರೋರನ್ನ ಕೇಳಿ."

"ಅಮ್ಮಾ, ಒಂದ್ನಿಮಿಷ ನಿಲ್ಸಿ, ಮಾತಾಡ್ಬೇಕಿತ್ತು!" ಎಂದು ಈರಣ್ಣ ಕೂಗಿದರು.

"ಇಲ್ಲಿ ನಿಲ್ಸಿದ್ರೆ ಹೂತ್ಹೋಗುತ್ತೆ! ಅಲ್ಲೇ ಇರಿ, ಬರ್ತೀನಿ!" ಎಂದು ಅಕ್ಕ ಮುಂದೆ ಹೋದಳು.

ಸುತ್ತು ಹಾಕಿ ಬಂದಾಗ ಈರಣ್ಣ, "ಆ ಒಪ್ಪಂದದ ವಿಷ್ಯ..." ಎನ್ನುವಷ್ಟರಲ್ಲಿ ಗಾಡಿ ದಾಟಿಹೋಯಿತು. ಮುಂದಿನ ಸುತ್ತಿಗೆ ಅವರು ಸಿದ್ಧರಾಗಿ ನಿಂತು, "ಮಣ್ಣಿನ ವಿಷ್ಯ ಅಮ್ಮಾ!" ಎಂದರು.

"ಮಣ್ಣು ಇಲ್ಲೇ ಇದೆ, ನೋಡ್ತಾ ಇದೀರಲ್ಲ!"

ನಾಟಿಯ ಹೆಂಗಸರು ಸಸಿ ಬಿಟ್ಟು ನಗತೊಡಗಿದರು. ಈರಣ್ಣನ ಪಂಚೆಗೆ ಎರಡು ಮೂರು ಕಡೆ ಕೆಸರು ಹಾರಿತ್ತು. ಮತ್ತೊಂದು ಸುತ್ತು ಕಾದು, "ಅಂದ್ರೆ ಇಲ್ಲ ಅಂತಾನಾ?" ಎಂದು ಗಂಟಲು ಹರಿದುಕೊಂಡರು.

"ಇಲ್ಲ ಅಂತಾನೇ! ಕೊಯ್ಲಿಗೆ ಬನ್ನಿ, ಊಟ ಹಾಕ್ತೀನಿ!"

ಈರಣ್ಣ ಪಂಚೆ ಕೊಡವಿಕೊಂಡು ನಕ್ಕುಬಿಟ್ಟರು. ಒಳ್ಳೆಯ ಮನುಷ್ಯ, ಬೇಸಿಗೆಯ ಕೊನೆಯಲ್ಲಿ ಹೊಸ ಅಕ್ಕಿಯ ಊಟಕ್ಕೆ ನಿಜವಾಗಿಯೂ ಬಂದರು. ಆವತ್ತು ಬೈಕು ಏರಿ ಅವರು ನಾಲೆಯ ತಿರುವು ದಾಟಿದ ಮೇಲೆ ನಮ್ಮ ಮನೆಯವರು ಬದುವಿನ ಮೇಲೆ ಕುಳಿತರು. ನನ್ನ ಎದೆಯ ಮೇಲಿಂದ ಒಂದು ಮೂಟೆ ಇಳಿದಂತಾಯಿತು.

ಗದ್ದೆ ಮುಗಿದಿತ್ತು. ಒಂದು ಗೇಣೂ ಬಾಕಿ ಇರಲಿಲ್ಲ. ಆದರೂ ಅಕ್ಕ ಗಾಡಿಯನ್ನು ಮೇಲೆ ತರದೆ ಮತ್ತೊಂದು ಸುತ್ತು ಹೊರಟಳು, ನಿಧಾನವಾಗಿ, ನಾಲ್ಕೂ ಬದು ಮುಟ್ಟಿಕೊಂಡು. ನಾಟಿಯವರು ಸಸಿಯ ಕಟ್ಟು ಹಿಡಿದು ಕಾಯುತ್ತ ನಿಂತರು. ಆಮೇಲೆ ಗಾಡಿ ಮೇಲೇರಿ ದಾರಿಗೆ ಬಂತು, ಎಂಜಿನ್ ನಿಂತಿತು. ಅಕ್ಕ ಇಳಿಯದೆ ಸೀಟಿನಲ್ಲೇ ಕುಳಿತಿದ್ದಳು. ಮುಖದ ತುಂಬ ಕೆಸರು, ಅದರ ಮೇಲೆ ಕಣ್ಣೀರು ಇಳಿದ ಗೆರೆ.

"ಮುಗಿದಿತ್ತಲ್ಲಕ್ಕಾ, ಮತ್ಯಾಕೆ ಒಂದು ಸುತ್ತು?" ಎಂದೆ.

"ನಿಮ್ ಭಾವ ಹೋದಾಗಿಂದ ನಿಂತ್ರೆ ಹೂತ್ಹೋಗ್ತೀನಿ ಅಂತಾನೇ ಓಡ್ತಾ ಇದ್ದೆ ಕಣೆ ಶೈಲಾ," ಎಂದಳು ಅಕ್ಕ. "ಇನ್ನು ನಿಲ್ಲಬಹುದು ಅಂತ ನಂಬೋಕೆ ಒಂದು ಸುತ್ತು ಬೇಕಾಯ್ತು."